ಒರತೆಯ ಸಿಹಿಯೂ ಅಳಿವೆಯ ಉಪ್ಪೂ

ಹೊಳೆಯ ನೀರು ಕಡಲನ್ನು ಕೂಡುವುದನ್ನು ಕಂಡು, “ಅಯ್ಯೋ, ಇಷ್ಟು ಸಿಹಿನೀರು ಉಪ್ಪಿನ ಪಾಲಾಯಿತಲ್ಲ!” ಎಂದು ಮರುಗುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಬಯಲುಸೀಮೆಯಲ್ಲಿ ಕೊಡ ನೀರಿಗಾಗಿ ಹೆಂಗಸರು ಹರದಾರಿ ನಡೆಯುತ್ತಿರುವಾಗ, ಘಟ್ಟದ ಹೊಳೆಗಳು ಪಡುವಣ ಸಮುದ್ರಕ್ಕೆ ಸುರಿಯುವುದನ್ನು ನೋಡಿ ಹಾಗೆ ಅನ್ನಿಸುವುದು ಸಹಜವೇ ಸರಿ. ಆದರೆ ಸಮುದ್ರಕ್ಕೆ ಸೇರಿದ ನೀರೆಲ್ಲ ವ್ಯರ್ಥವೆಂಬ ಮಾತನ್ನು ಒಪ್ಪುವ ಮೊದಲು, ಆ ನೀರು ತನ್ನ ಪ್ರಯಾಣದ ಕಡೆಯ ಹತ್ತಿಪ್ಪತ್ತು ಮೈಲಿಗಳಲ್ಲಿ ಏನು ಕೆಲಸವನ್ನು ಮಾಡುತ್ತದೆಂಬುದನ್ನು ವಿಚಾರಿಸಬೇಕು. ಮನೆಯ ಹೊಸ್ತಿಲಲ್ಲಿ ಕುಳಿತ ಹಿರಿಯನು ಯಾವ ಕೆಲಸವನ್ನೂ ಮಾಡದವನಂತೆ ತೋರಿದರೂ ಅವನಿರುವ ತನಕ ಹೊರಗಿನವರು ಒಳನುಗ್ಗಲಾರರಷ್ಟೆ. ಅಳಿವೆಯಲ್ಲಿ ಸಿಹಿನೀರಿನ ಸ್ಥಿತಿಯೂ ಅಂಥದೇ. ಅದರಲ್ಲಿಯೂ ಮಳೆಯಿಲ್ಲದ ಚೈತ್ರ ವೈಶಾಖಗಳಲ್ಲಿ, ಬೆಟ್ಟದ ಒರತೆಗಳಿಂದ ಜಿನುಗಿ ಬರುವ ಸಣ್ಣ ನೀರಿಗೆ ಎಷ್ಟು ಬೆಲೆಯುಂಟೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಎರಡು ನೀರುಗಳ ತೂಕ

ಸಮುದ್ರದ ನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಉಪ್ಪು ಕರಗಿರುತ್ತದೆ. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರು ನೀರಿಗೆ ಆರೇಳು ಸಣ್ಣ ಚಮಚ ಉಪ್ಪು. ಈ ಉಪ್ಪಿನ ದೆಸೆಯಿಂದ ಕಡಲ ನೀರು ಹೊಳೆಯ ನೀರಿಗಿಂತ ತೂಕವಾಗಿರುವುದು. ಇಪ್ಪತ್ತು ಲೀಟರು ಹಿಡಿಯುವ ಕೊಡದಲ್ಲಿ ಬಾವಿಯ ನೀರು ತುಂಬಿದರೆ ಇಪ್ಪತ್ತು ಕಿಲೋ ತೂಗುವ ಪಕ್ಷದಲ್ಲಿ, ಕಡಲ ನೀರು ತುಂಬಿದರೆ ಇಪ್ಪತ್ತೂವರೆ ಕಿಲೋ ತೂಗುತ್ತದೆ. ಅರ್ಧ ಕಿಲೋವಿನ ಈ ಅಂತರವು ಅತ್ಯಲ್ಪವೆಂದು ತೋರಬಹುದು. ಆದರೆ ಅಳಿವೆಯ ವ್ಯವಹಾರವೆಲ್ಲವೂ ಈ ಅಂತರದ ಮೇಲೆಯೇ ನಿಂತಿದೆ.

ಇದನ್ನು ಮನೆಯಲ್ಲಿಯೇ ಮಕ್ಕಳಿಗೆ ತೋರಿಸಬಹುದು. ಗಾಜಿನ ಲೋಟದ ಅರ್ಧಕ್ಕೆ ನೀರು ತುಂಬಿ, ಉಪ್ಪನ್ನು ಕದಡಿ, ನೀರು ತಿಳಿಯಾದ ಮೇಲೆ ಅದಕ್ಕೆ ಯಾವುದಾದರೂ ಬಣ್ಣವನ್ನು ಹಾಕಬೇಕು. ಆ ಬಳಿಕ ಚಮಚವೊಂದನ್ನು ನೀರಿನ ಮಟ್ಟಕ್ಕೆ ತಾಗಿಸಿ ಹಿಡಿದು, ಅದರ ಮೇಲೆ ಸಾದಾ ನೀರನ್ನು ಮೆಲ್ಲಮೆಲ್ಲನೆ ಸುರಿಯಬೇಕು. ಬಣ್ಣದ ಉಪ್ಪುನೀರು ಕೆಳಗೂ, ಬಣ್ಣವಿಲ್ಲದ ಸಿಹಿನೀರು ಮೇಲೂ ಎರಡು ಪದರಗಳಾಗಿ ನಿಲ್ಲುತ್ತವೆ. ಚಮಚದಿಂದ ಒಮ್ಮೆ ಕದಡಿದರೆ ಪದರಗಳು ಬೆರೆತು ಎಲ್ಲವೂ ಸವುಳಾಗುತ್ತದೆ. ಹೊಳೆಯ ಬಾಯಲ್ಲಿ ನಡೆಯುವುದೂ ಇದೇ. ಕಡಲಿನ ಭಾರವಾದ ನೀರು ತಳವನ್ನು ಹಿಡಿದು ಬೆಣೆಯಂತೆ ಒಳಕ್ಕೆ ನುಗ್ಗುತ್ತದೆ. ಹೊಳೆಯ ಹಗುರವಾದ ನೀರು ಅದರ ಮೇಲೆ ಹೊರಕ್ಕೆ ಜಾರುತ್ತದೆ. ಕದಡುವ ಚಮಚವು ಯಾವುದೆಂದರೆ ಭರತ ಇಳಿತಗಳು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲು ಹಗಲಿರುಳು ಸೇರಿ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳ ಅಂತರ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರದ ದಿನಗಳಲ್ಲಿ ಏರಿಕೆ ಹೆಚ್ಚು, ಅಷ್ಟಮಿಯ ಸುತ್ತುಮುತ್ತ ಕಡಿಮೆ. ಪ್ರತಿಯೊಂದು ಭರತವೂ ಉಪ್ಪನ್ನು ಒಂದಿಷ್ಟು ದೂರ ಮೇಲಕ್ಕೆ ಒಯ್ಯುವುದು. ಪ್ರತಿಯೊಂದು ಇಳಿತವೂ ಅದನ್ನು ಮರಳಿ ತರುವುದು. ತಂದದ್ದನ್ನೆಲ್ಲ ಮರಳಿ ಹೊರಗೆ ಹಾಕುವುದಕ್ಕೆ ಮೇಲಿನಿಂದ ಸಿಹಿನೀರಿನ ಒತ್ತಡ ಬೇಕು. ಆ ಒತ್ತಡವು ಸಾಲದೆ ಹೋದರೆ ಉಪ್ಪು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಒಳಗೇ ಉಳಿದು, ವಾರಗಳು ಕಳೆದಂತೆ ಮೇಲುಮೇಲಕ್ಕೆ ಹತ್ತುತ್ತ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಷಾಢದಲ್ಲಿ ಹೊಳೆ ತುಂಬಿ ಹರಿಯುವಾಗ ಅದರ ನೀರಿನಿಂದ ಸ್ವಲ್ಪ ಪಾಲನ್ನು ತೆಗೆದರೆ ಉಪ್ಪಿನ ಎಲ್ಲೆಯು ಅಷ್ಟಾಗಿ ಸರಿಯುವುದಿಲ್ಲ. ವೈಶಾಖದಲ್ಲಿ ಹೊಳೆ ಎಳೆಯಾಗಿ ಹರಿಯುವಾಗ ಅಷ್ಟೇ ನೀರನ್ನು ತೆಗೆದರೆ ಉಪ್ಪು ಬಹುದೂರ ಮೇಲೇರಿಬಿಡುತ್ತದೆ. ಉಳ್ಳವನ ಮನೆಯಲ್ಲಿ ಸೇರು ಅಕ್ಕಿ ಹೋದರೆ ತಿಳಿಯದು. ಬಡವನ ಮನೆಯಲ್ಲಿ ಅದೇ ಸೇರು ಹೋದರೆ ಒಲೆ ಹತ್ತುವುದಿಲ್ಲ. ಹೊಳೆಯೂ ಬೇಸಗೆಯಲ್ಲಿ ಬಡವನೇ.

ಬೇಸಗೆಯ ಹೊಳೆಗೆ ನೀರು ಎಲ್ಲಿಯದು?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆಯಾದರೂ ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಮುಗಿದುಹೋಗುವುದು. ಮಾರ್ಗಶಿರದಿಂದ ಮುಂದೆ ಐದಾರು ತಿಂಗಳು ಆಕಾಶದಿಂದ ಹನಿ ಬೀಳುವುದೇ ಅಪರೂಪ. ಹೀಗಿರಲಾಗಿ, ಮೇ ತಿಂಗಳಲ್ಲಿಯೂ ಹೊಳೆಯಲ್ಲಿ ಹರಿಯುವ ನೀರು ಎಲ್ಲಿಂದ ಬಂದಿತು? ಅದು ಹಿಂದಿನ ಮಳೆಗಾಲದಲ್ಲಿ ನೆಲವು ಕುಡಿದು ಇಟ್ಟುಕೊಂಡ ನೀರು. ತಿಂಗಳುಗಟ್ಟಲೆ ಮಣ್ಣು ಬಂಡೆಗಳ ಸಂದಿನಲ್ಲಿ ತೆವಳಿ, ಇಳಿಜಾರಿನಲ್ಲಿ ಒರತೆಯಾಗಿ ಹೊರಬಿದ್ದದ್ದು. ಮಲೆನಾಡಿನವರು ಇದನ್ನು ಅಬ್ಬಿಯೆಂದೂ ಒರತೆಯೆಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಉತ್ಸ, ಪ್ರಸ್ರವಣ ಎಂಬ ಶಬ್ದಗಳು ಇದಕ್ಕೆ ಸಲ್ಲುತ್ತವೆ. ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿಟ್ಟು, ದೇಹದಲ್ಲಿ ನಾಡಿಗಳಿರುವಂತೆ ಭೂಮಿಯಲ್ಲಿಯೂ ಜಲದ ಸಿರೆಗಳಿವೆಯೆಂದು ನಿರೂಪಿಸಿದ್ದಾನೆ. ಆತನು ಹೇಳಿದ ಕುರುಹುಗಳೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲಲಾರವು. ಆದರೂ ಕಣ್ಣಿಗೆ ಕಾಣದ ನೀರೇ ಕಾಣುವ ನೀರಿಗೆ ಆಧಾರವೆಂಬ ದೃಷ್ಟಿಯು ಸಾಧುವಾದುದು.

ಈ ಒರತೆಗಳ ಆಯುಷ್ಯವು ಕಾಡಿನ ಮೇಲೆ ನಿಂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಶೀಲಕರು ಪಶ್ಚಿಮಘಟ್ಟದ ಹಳ್ಳಗಳನ್ನು ಅಭ್ಯಾಸ ಮಾಡಿ, ನೀರು ಸಂಗ್ರಹವಾಗುವ ಪ್ರದೇಶದಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಭಾಗ ದೇಶೀಯ ವೃಕ್ಷಗಳ ಹೊದಿಕೆಯಿದ್ದರೆ ಹಳ್ಳವು ವರ್ಷವಿಡೀ ಹರಿಯುವುದೆಂದೂ, ಹೊದಿಕೆ ಹರಿದುಹೋದ ಕಡೆಗಳಲ್ಲಿ ಅದು ಕೆಲವು ತಿಂಗಳಿಗೇ ಬತ್ತುವುದೆಂದೂ ಕಂಡುಕೊಂಡಿದ್ದಾರೆ. ಕಾರಣವು ಸರಳವಾಗಿದೆ. ತರಗೆಲೆ ಬೇರುಗಳಿಂದ ಸಡಿಲವಾದ ಕಾಡಿನ ಮಣ್ಣು ಮಳೆಯನ್ನು ಒಳಕ್ಕೆ ಬಿಡುತ್ತದೆ. ತುಳಿದು ಗಟ್ಟಿಯಾದ ಬರಿಯ ನೆಲವು ಅದನ್ನು ಮೇಲೆಯೇ ಓಡಿಸಿಬಿಡುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಸ್ಥಳಗಳಲ್ಲಿ ಈಗಲೂ ಉಳಿದಿರುವ ರಾಮಪತ್ರೆಯ ಜಡ್ಡಿಗಳನ್ನು ನೋಡಿದವರಿಗೆ ಇದು ಸ್ಪಷ್ಟವಾಗುವುದು. ಅಲ್ಲಿ ಮರಗಳ ಬೇರುಗಳು ಮಂಡಿಯಂತೆ ಬಾಗಿ ಕೆಸರಿನ ಮೇಲಕ್ಕೆ ಎದ್ದಿರುತ್ತವೆ; ನಡುಬೇಸಗೆಯಲ್ಲಿಯೂ ಕಾಲಡಿಯಲ್ಲಿ ನೀರು ಸರಿಯುತ್ತಿರುತ್ತದೆ.

ಅಘನಾಶಿನಿಯ ವರ್ಷಚಕ್ರ

ಈಗ ಈ ತತ್ತ್ವಗಳನ್ನು ಒಂದು ಹೊಳೆಯಲ್ಲಿ ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯು ಶಿರಸಿಯ ಶಂಕರಹೊಂಡದ ಕಡೆಯಿಂದಲೂ ಮಂಜುಗುಣಿಯ ಕಡೆಯಿಂದಲೂ ಬರುವ ಎರಡು ಹಳ್ಳಗಳು ಕೂಡಿ ಆದ ನದಿ. ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ದಟ್ಟವಾದ ಕಣಿವೆಗಳಲ್ಲಿ ಹಾದು, ಉಪ್ಪಿನಪಟ್ಟಣ ಮಿರ್ಜಾನುಗಳ ಬಳಿಯಿಂದ ವಿಶಾಲವಾಗಿ ಹಬ್ಬಿ, ತದಡಿಗೂ ಅಘನಾಶಿನಿ ಗ್ರಾಮಕ್ಕೂ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ಹುಟ್ಟಿನಿಂದ ಕಡಲಿನವರೆಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲದೆ ಹರಿಯುವ ನಮ್ಮ ಕೆಲವೇ ನದಿಗಳಲ್ಲಿ ಇದು ಒಂದು. ಆದಕಾರಣ ಸಿಹಿ ಉಪ್ಪುಗಳ ಸ್ವಾಭಾವಿಕವಾದ ಹೊಂದಾಣಿಕೆಯನ್ನು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕದು. ಇದರ ಅಳಿವೆಯು 2024 ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವವುಳ್ಳ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಮಳೆಗಾಲದಲ್ಲಿ ನದಿಯ ಪ್ರವಾಹವು ಕಡಲನ್ನು ಬಾಗಿಲಿನವರೆಗೆ ತಳ್ಳಿಬಿಡುತ್ತದೆ. ಅಳಿವೆಯ ಬಹುಭಾಗ ಸಿಹಿಯಾಗುವುದು. ಆಗ ಗಜನಿಯ ರೈತರ ಕಾಲ. ಗಜನಿಯೆಂದರೆ ಅಳಿವೆಯ ಅಂಚಿನ ತಗ್ಗು ಗದ್ದೆ. ಬೇಸಗೆಯಲ್ಲಿ ಉಪ್ಪುನೀರು ಆಡುವ ನೆಲ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗವೆಂಬ ಭತ್ತವನ್ನು ಬಿತ್ತುತ್ತಾರೆ. ಆಳೆತ್ತರಕ್ಕೆ ಸಮೀಪವಾಗಿ ಬೆಳೆಯುವ ಈ ಭತ್ತವು ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದು, ಸ್ವಲ್ಪ ಉಪ್ಪನ್ನೂ ತಾಳಿಕೊಳ್ಳುವುದು. ಗೊಬ್ಬರ ಔಷಧಗಳ ಗೊಡವೆಯೂ ಇದಕ್ಕಿಲ್ಲ; ಹೊಳೆಯ ಮೆಕ್ಕಲೇ ಗೊಬ್ಬರ. ಆದರೆ ಉಪ್ಪನ್ನು ತಾಳುವುದೆಂದರೆ ಉಪ್ಪಿನಲ್ಲಿಯೇ ಬೆಳೆಯುವುದೆಂದಲ್ಲ. ಮೊಳಕೆಯೊಡೆಯುವಾಗಲೂ ತೆನೆಗಟ್ಟುವಾಗಲೂ ಇದಕ್ಕೆ ಸಿಹಿನೀರಿನ ಆಶ್ರಯ ಬೇಕೇ ಬೇಕು. ಅಕ್ಟೋಬರಿನ ಸುಮಾರಿಗೆ ಕೊಯ್ಲು ಮುಗಿಯುತ್ತಿದ್ದಂತೆ ಒಡ್ಡಿನ ಹಲಗೆಬಾಗಿಲನ್ನು ತೆರೆದು ಭರತದ ನೀರನ್ನು ಒಳಕ್ಕೆ ಬಿಡುತ್ತಾರೆ. ಕೂಳೆಯ ನಡುವೆ ಸಿಗಡಿ ಮೀನುಗಳು ಮೇಯುತ್ತವೆ. ಹೀಗೆ ಒಂದೇ ಗದ್ದೆಯು ಆರು ತಿಂಗಳು ಅನ್ನವನ್ನೂ ಆರು ತಿಂಗಳು ಮೀನನ್ನೂ ಕೊಡುತ್ತದೆ.

ಮಳೆ ನಿಂತ ಮೇಲೆ ತಿಂಗಳು ತಿಂಗಳಿಗೆ ಉಪ್ಪು ಮೇಲೇರುತ್ತದೆ. ಬೇಸಗೆಯ ಕಡೆಗೆ ಅಳಿವೆಯ ಬಾಯಲ್ಲಿ ನೀರು ಹೆಚ್ಚುಕಡಮೆ ಕಡಲಿನಷ್ಟೇ ಉಪ್ಪಾಗುವುದು. ಇದು ಹಾನಿಯೆಂದು ತಿಳಿಯಬಾರದು. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಬೆಳೆಯುವುದು ಈ ಕಾಲದಲ್ಲಿಯೇ. ಇಳಿತದ ವೇಳೆಗೆ ಬರಿದಾದ ಮರಳದಿಬ್ಬಗಳಲ್ಲಿ ಹೆಂಗಸರೂ ಗಂಡಸರೂ ಬಗ್ಗಿ ನಿಂತು ಬಳಚು, ಚಿಪ್ಪಿಕಲ್ಲುಗಳನ್ನು ಆಯುವುದೂ ಈ ನೀರಿನ ಪ್ರಸಾದವೇ. 2008 ರ ಸುಮಾರಿಗೆ ನಡೆದ ಒಂದು ಅಧ್ಯಯನದಂತೆ, ಎರಡು ಸಾವಿರಕ್ಕೂ ಹೆಚ್ಚು ಜನರು ಈ ಚಿಪ್ಪಿನ ಕೆಲಸದಿಂದಲೇ ನೇರವಾಗಿ ಜೀವನೋಪಾಯವನ್ನು ಹೊಂದಿದ್ದರು. ಬಂಡವಾಳವಿಲ್ಲದೆ, ದೋಣಿಯಿಲ್ಲದೆ, ಒಂದು ಬುಟ್ಟಿಯೊಡನೆ ಇಳಿದು ಸಂಜೆಗೆ ಮನೆಯ ಒಲೆ ಹೊತ್ತಿಸುವ ಉದ್ಯೋಗವಿದು.

ಆದರೆ ಕೆಳಗೆ ಉಪ್ಪಿರುವ ಅದೇ ಕಾಲದಲ್ಲಿ ಮೇಲೆ ಒರತೆಯ ನೀರು ತನ್ನ ಕಾವಲನ್ನು ಬಿಟ್ಟಿರುವುದಿಲ್ಲ. ಅದು ಉಪ್ಪನ್ನು ಅಳಿವೆಯ ಪಾತ್ರದಲ್ಲಿಯೇ ತಡೆದು, ಮೇಲಣ ಹಳ್ಳಿಗಳ ತೋಟ ಬಾವಿಗಳಿಗೆ ತಾಗದಂತೆ ನೋಡಿಕೊಳ್ಳುತ್ತದೆ. ಬಾಯಲ್ಲಿ ಪೂರ್ತಿ ಉಪ್ಪು, ತಲೆಯಲ್ಲಿ ಪೂರ್ತಿ ಸಿಹಿ, ನಡುವೆ ಇವೆರಡರ ಮೆಟ್ಟಿಲು. ಆ ಮೆಟ್ಟಿಲಿನ ಒಂದೊಂದು ಹಂತದಲ್ಲಿ ಒಂದೊಂದು ಜೀವಿಗೆ ಮನೆ. ಕಡಲಿನ ಎಷ್ಟೋ ಬಗೆಯ ಮೀನು ಸಿಗಡಿಗಳ ಮರಿಗಳು ಈ ನಡುವಣ ಸವುಳಿನಲ್ಲಿಯೇ ಬೆಳೆದು ದೊಡ್ಡವಾಗಿ ಕಡಲಿಗೆ ಮರಳುತ್ತವೆ.

ಶರಾವತಿಯ ಪಾಠ

ಇಷ್ಟಾದ ಮೇಲೆ, “ಹಾಗಾದರೆ ಬೇಸಗೆಯಲ್ಲಿ ಸಿಹಿನೀರು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ?” ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವು ಅಘನಾಶಿನಿಯ ದಕ್ಷಿಣಕ್ಕೆ ಅದೇ ಕರಾವಳಿಯಲ್ಲಿರುವ ಶರಾವತಿಯಲ್ಲಿ ದೊರೆಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಸಮುದ್ರವನ್ನು ಸೇರುವ ಈ ನದಿಗೆ 1964 ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆಯಿತು. ಆಮೇಲೆ ಗೇರುಸೊಪ್ಪೆಯಲ್ಲಿ ಮತ್ತೊಂದು ಆಯಿತು. ವಿದ್ಯುತ್ತಿಗಾಗಿ ಮಳೆಗಾಲದ ನೀರನ್ನು ತಡೆದಿಟ್ಟು ವರ್ಷವೆಲ್ಲ ಬಿಡುವುದರಿಂದ, ಬೇಸಗೆಯಲ್ಲಿ ಎಳೆಯಾಗಿ ಹರಿಯಬೇಕಾದ ಹೊಳೆಯು ಆಗಲೂ ತುಂಬಿ ಹರಿಯುತ್ತದೆ. ಕಡಲಿನ ಉಪ್ಪು ತನ್ನ ಕಾಲದಲ್ಲಿ ಒಳಕ್ಕೆ ಬರಲಾರದಾಯಿತು. ದಂಡೆಯ ತೋಟಿಗರಿಗೆ ಇದು ಅನುಕೂಲವೇ ಆಗಿರಬಹುದು. ಆದರೆ ಉಪ್ಪನ್ನು ಬಯಸುವ ಚಿಪ್ಪಿನ ಜೀವಿಗಳು ಆ ಅಳಿವೆಯಲ್ಲಿ ಬಹಳ ಮಟ್ಟಿಗೆ ಕ್ಷೀಣಿಸಿದುವೆಂದು ಎರಡು ಹೊಳೆಗಳನ್ನೂ ಹೋಲಿಸಿ ನೋಡಿದ ವಿಜ್ಞಾನಿಗಳು ಬರೆದಿದ್ದಾರೆ. ಅಘನಾಶಿನಿಯಲ್ಲಿ ಬುಟ್ಟಿ ತುಂಬುವ ಬಳಚು ಇಲ್ಲಿ ಆಯುವವರಿಗೆ ಸಿಕ್ಕುವುದು ಕಷ್ಟವಾಯಿತು.

ತಾತ್ಪರ್ಯವೇನೆಂದರೆ, ಅಳಿವೆಗೆ ಬೇಕಾದುದು ಬರಿಯ ಸಿಹಿನೀರಲ್ಲ. ಕಾಲಕ್ಕೆ ತಕ್ಕ ಪ್ರಮಾಣದ ಸಿಹಿನೀರು. ಮಳೆಗಾಲದಲ್ಲಿ ತುಂಬುಹೊಳೆ, ಬೇಸಗೆಯಲ್ಲಿ ಕಡಿಯದ ಎಳೆ. ಒರತೆಗಳ ಗುಣವೇ ಇದು. ಅವು ಬೇಸಗೆಯಲ್ಲಿ ಅತಿಯಾಗಿ ಕೊಡುವುದಿಲ್ಲ, ಪೂರ್ತಿಯಾಗಿ ನಿಲ್ಲಿಸುವುದೂ ಇಲ್ಲ. ಅಡುಗೆ ಬಲ್ಲ ಗೃಹಿಣಿಯ ಕೈ ಉಪ್ಪಿನಲ್ಲಿ ಎಷ್ಟು ಮಿತವೋ, ಕಾಡುಳ್ಳ ಬೆಟ್ಟದ ಕೈ ನೀರಿನಲ್ಲಿ ಅಷ್ಟು ಮಿತ.

ಹೊಳೆಯ ತಳದಲ್ಲಿಯೇ ಹುಟ್ಟುವ ಹೊಳೆಗಳು

ನಮ್ಮ ಹೊಳೆಗಳಲ್ಲಿ ಒರತೆಯ ನೀರು ಘಟ್ಟದಿಂದ ಬಹುದೂರ ಹರಿದು ಬಂದು ಅಳಿವೆಯನ್ನು ಸೇರುವುದರಿಂದ, ಅದರ ಕೆಲಸವನ್ನು ಪ್ರತ್ಯೇಕಿಸಿ ತೋರಿಸುವುದು ಸುಲಭವಲ್ಲ. ಒರತೆಯೊಂದೇ ನದಿಯ ಸರ್ವಸ್ವವಾಗಿರುವ ಸ್ಥಳಗಳು ಲೋಕದಲ್ಲಿ ಇಲ್ಲದಿಲ್ಲ. ಅವುಗಳಲ್ಲಿ ಹೆಚ್ಚಾಗಿ ಪರೀಕ್ಷಿಸಲ್ಪಟ್ಟಿರುವುದು ಅಮೆರಿಕಾ ದೇಶದ ಫ್ಲಾರಿಡಾ ಪ್ರಾಂತದ ಪಶ್ಚಿಮ ಕರಾವಳಿ. ಅಲ್ಲಿಯ ನೆಲ ಸುಣ್ಣದ ಕಲ್ಲಿನದು. ಒಳಗೆಲ್ಲ ಗವಿಗಳು, ಬಿರುಕುಗಳು. ಮಳೆಯ ನೀರು ಅವುಗಳಲ್ಲಿ ಇಳಿದು, ಕಡಲಿಗೆ ಕೆಲವೇ ಮೈಲಿಗಳಿರುವಾಗ ದೊಡ್ಡ ಬುಗ್ಗೆಗಳಾಗಿ ಮೇಲೇಳುತ್ತದೆ. ಕ್ರಿಸ್ಟಲ್ ರಿವರ್, ಹೊಮೊಸಾಸ, ಚಾಸಹೊವಿಟ್ಸ್ಕ ಎಂಬ ನದಿಗಳು ಹೀಗೆ ಹುಟ್ಟಿದವು. ಕ್ರಿಸ್ಟಲ್ ರಿವರಿನ ತಲೆಯಲ್ಲಿರುವ ಕಿಂಗ್ಸ್ ಬೇ ಎಂಬ ಕೊಳದಂತಹ ಸ್ಥಳದಲ್ಲಿಯೇ ಎಪ್ಪತ್ತಕ್ಕೂ ಹೆಚ್ಚು ಬುಗ್ಗೆಗಳಿವೆ. ಹುಟ್ಟಿದಲ್ಲಿಗೇ ಭರತವೂ ಬಂದು ತಾಗುವುದರಿಂದ ಈ ನದಿಗಳಿಗೆ ಬಾಲ್ಯವೆಂಬುದೇ ಇಲ್ಲ.

ಅಲ್ಲಿ ಕಂಡುಬಂದ ಮೊದಲನೆಯ ಸಂಗತಿಯು ಆಶ್ಚರ್ಯಕರವಾಗಿದೆ. ಬುಗ್ಗೆಯ ನೀರು ಹೊರಬೀಳುವುದು ನೆಲದೊಳಗಿನ ನೀರಿನ ಮಟ್ಟವು ಹೊರಗಿನ ಮಟ್ಟಕ್ಕಿಂತ ಎತ್ತರವಾಗಿರುವುದರಿಂದ. ಭರತದಲ್ಲಿ ಹೊರಗಿನ ಮಟ್ಟ ಏರಿದಾಗ ಈ ಅಂತರವು ಕುಗ್ಗಿ ಬುಗ್ಗೆಯ ಹರಿವು ಕಡಮೆಯಾಗುವುದು, ಇಳಿತದಲ್ಲಿ ಹೆಚ್ಚುವುದು. ಎಂದರೆ ಕಡಲು ಬಲವಾಗಿ ನುಗ್ಗುವ ಹೊತ್ತಿಗೆ ಸರಿಯಾಗಿ ಅದನ್ನು ತಡೆಯುವ ಕೈ ಸೋಲುತ್ತದೆ. ಆದ್ದರಿಂದ ಬುಗ್ಗೆಗಳ ಹಿಂದಿನ ಅಂತರ್ಜಲವು ಸಾಕಷ್ಟು ಎತ್ತರವಾಗಿಯೇ ಇರಬೇಕು. ಎಲ್ಲ ಬುಗ್ಗೆಗಳೂ ಶುದ್ಧ ಸಿಹಿಯಲ್ಲವೆಂಬುದು ಎರಡನೆಯ ಸಂಗತಿ. ಕಡಲಿನ ಸಮೀಪದ ಕೆಲವು ಬುಗ್ಗೆಗಳಲ್ಲಿ ನೆಲದೊಳಗೇ ಉಪ್ಪು ಬೆರೆತು ಬರುತ್ತದೆ; ಅಕ್ಕಪಕ್ಕದ ಎರಡು ಬುಗ್ಗೆಗಳ ರುಚಿಯೇ ಬೇರೆ ಬೇರೆಯಾಗಿರುವುದುಂಟು.

1993 ರ ಮಾರ್ಚಿಯಲ್ಲಿ ಒಂದು ಮಹಾ ಬಿರುಗಾಳಿಯು ಕಡಲ ನೀರನ್ನು ಕಿಂಗ್ಸ್ ಬೇಗೆ ನುಗ್ಗಿಸಿತು. ನೀರಿನಡಿಯ ಸಿಹಿನೀರಿನ ಹುಲ್ಲು ಉಪ್ಪನ್ನು ತಾಳಲಾರದೆ ಸತ್ತಿತು. ಅದರ ಎಡೆಯನ್ನು ಪಾಚಿ ಆಕ್ರಮಿಸಿತು. ಆ ಹುಲ್ಲನ್ನು ಮೇಯುವ, ಮ್ಯಾನಟಿಯೆಂಬ ಸಾಧುವಾದ ದೊಡ್ಡ ಜಲಪ್ರಾಣಿಯು ಚಳಿಗಾಲದಲ್ಲಿ ಕಡಲಿನ ತಣ್ಣೀರನ್ನು ಸಹಿಸಲಾರದೆ, ವರ್ಷವೆಲ್ಲ 22–23 ಡಿಗ್ರಿ ಸೆಂಟಿಗ್ರೇಡ್ ಬೆಚ್ಚಗಿರುವ ಈ ಬುಗ್ಗೆಗಳನ್ನೇ ಆಶ್ರಯಿಸಿ ಬರುತ್ತದೆ. ಈಗೀಗ ಜನರು ಪಾಚಿಯನ್ನು ತೆಗೆದು ಹುಲ್ಲನ್ನು ಮರಳಿ ನೆಡುತ್ತಿದ್ದಾರೆ. ಫ್ಲಾರಿಡಾದಲ್ಲಿ 1972 ರಲ್ಲಿಯೇ ಕಾನೂನು ಆಗಿ, ಪ್ರತಿಯೊಂದು ನದಿಗೂ ಬುಗ್ಗೆಗೂ ಇಷ್ಟಕ್ಕಿಂತ ಹರಿವು ತಗ್ಗಬಾರದೆಂಬ ಕನಿಷ್ಠ ಮಿತಿಯನ್ನು ಗೊತ್ತುಮಾಡುವ ಏರ್ಪಾಡು ನಡೆದಿದೆ. ಆ ಮಿತಿಯನ್ನು ನಿಶ್ಚಯಿಸುವಾಗ, ಹರಿವು ಇಷ್ಟು ಕುಗ್ಗಿದರೆ ಸಿಹಿ ಸವುಳುಗಳ ಎಲ್ಲೆ ಎಷ್ಟು ಸರಿದೀತೆಂದು ಲೆಕ್ಕ ಹಾಕುತ್ತಾರೆ. ಕೊಳವೆಬಾವಿಗಳಿಂದ ಎತ್ತುವ ನೀರಿಗೂ ಅಳಿವೆಯ ಉಪ್ಪಿಗೂ ಸಂಬಂಧವುಂಟೆಂಬುದನ್ನು ಅಲ್ಲಿಯ ರಾಜ್ಯಶಾಸನವೇ ಒಪ್ಪಿಕೊಂಡಂತಾಯಿತು.

ಬಾವಿಯ ವಿಚಾರ

ಇನ್ನು ನಮ್ಮ ಹಿತ್ತಿಲಿಗೆ ಬರೋಣ. ಹೊಳೆಯ ದಂಡೆಯ ಬಾವಿಯೂ ಒಂದು ಒರತೆಯೇ. ಕಡಲ ತೀರದ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಗೈಬೆನ್ ಮತ್ತು ಹರ್ಟ್ಸ್‌ಬರ್ಗ್ ಎಂಬ ಇಬ್ಬರು ಯುರೋಪಿಯನ್ ಪಂಡಿತರು ಹತ್ತೊಂಬತ್ತನೆಯ ಶತಮಾನದ ಕೊನೆ ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಇದರ ಲೆಕ್ಕವನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಅದೇನೆಂದರೆ, ನೆಲದೊಳಗಿನ ಸಿಹಿನೀರು ಕಡಲ ಮಟ್ಟಕ್ಕಿಂತ ಒಂದು ಅಡಿ ಎತ್ತರವಿದ್ದರೆ, ಕಡಲ ಮಟ್ಟದಿಂದ ಕೆಳಗೆ ಸುಮಾರು 40 ಅಡಿಗಳವರೆಗೆ ಸಿಹಿನೀರೇ ಇರುವುದು. ನಾವು ಹಿಂದೆ ಹೇಳಿದ ಕೊಡದ ಅರ್ಧ ಕಿಲೋವಿನ ಅಂತರವೇ ಈ ನಾಲ್ವತ್ತರ ಮೂಲ. ಇದರ ಇನ್ನೊಂದು ಮುಖವು ಭಯಂಕರವಾದುದು. ಎಡೆಬಿಡದೆ ನೀರೆತ್ತಿ ಆ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪು 40 ಅಡಿ ಮೇಲೇರುವುದು. ಮೇಲಿನಿಂದ ನೋಡುವವರಿಗೆ ನೀರು ಇಳಿದದ್ದು ಗೇಣಿನ ಲೆಕ್ಕ. ಉಪ್ಪು ಏರುವುದು ಆಳಿನ ಲೆಕ್ಕ.

ಉಪ್ಪೇರಿದ ಬಾವಿಯ ಸಂಕಟವನ್ನು ಮೊದಲು ಅರಿಯುವವಳು ಗೃಹಿಣಿ. ಬೇಳೆ ಬೇಯದು, ಸಾಬೂನು ನೊರೆ ಬಾರದು, ಹಂಡೆಯ ತಳದಲ್ಲಿ ಬಿಳಿಯ ಕರೆ ಕಟ್ಟುವುದು. ಆಮೇಲೆ ತೆಂಗಿನ ಗರಿ ಒಣಗುವುದು. ಒಮ್ಮೆ ಹೊಕ್ಕ ಉಪ್ಪು ಒಂದು ಮಳೆಗೆ ಹೋಗುವುದೆಂಬ ನಂಬಿಕೆಯೂ ಇಲ್ಲ. ಇದರ ಮೇಲೆ ಸಮುದ್ರವೇ ಏರುತ್ತಿದೆ. 1901 ರಿಂದ 2018 ರೊಳಗೆ ಲೋಕದ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರು ಏರಿದೆಯೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ಮಂಡಲಿಯು ನಿರ್ಣಯಿಸಿದೆ. ಹೊರಗಿನವನು ಬಲವಾಗುತ್ತಿರುವಾಗ ಹೊಸ್ತಿಲಿನ ಕಾವಲನ್ನು ನಾವೇ ಸಡಿಲಿಸುವುದು ಜಾಣತನವಲ್ಲ.

ಗೃಹಸ್ಥರು ಮಾಡತಕ್ಕ ಕಾರ್ಯ

ಇದೆಲ್ಲ ಸರಕಾರದ ಕೆಲಸವೆಂದು ಕೈಕಟ್ಟಿ ಕೂಡುವುದು ಸಲ್ಲದು. ಹೊಳೆಗಳಿಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿ, ಮಳೆ ಮುಗಿದೊಡನೆ ಹಲಗೆ ಹಾಕಿ, ಉಪ್ಪು ಮೇಲೇರದಂತೆ ತಡೆಯುವ ಕಾರ್ಯವು ಕರಾವಳಿಯಲ್ಲಿ ಅನೇಕ ಕಡೆ ನಡೆದಿದೆ. ಅದರಿಂದ ಮೇಲಿನವರಿಗೆ ಪ್ರಯೋಜನವುಂಟು. ಆದರೆ ಹಲಗೆಯು ಉಪ್ಪನ್ನು ತಡೆದೀತೇ ಹೊರತು ನೀರನ್ನು ಹುಟ್ಟಿಸಲಾರದು. ಮತ್ತು ಹಲಗೆಯ ಕೆಳಗಿನ ಅಳಿವೆಗೆ ಎಳೆ ನೀರಾದರೂ ಬಿಡದಿದ್ದರೆ ಅಲ್ಲಿಯವರ ಮೆಟ್ಟಿಲನ್ನು ಮುರಿದಂತಾಗುವುದು. ನೀರನ್ನು ಹುಟ್ಟಿಸುವ ಕೆಲಸ ಬೆಟ್ಟದ್ದು, ನೆಲದ್ದು; ಅದರಲ್ಲಿ ನಮ್ಮ ನಿಮ್ಮ ಕೈ ಇದೆ.

ದಂಡೆಯಲ್ಲಿ ಮನೆಯುಳ್ಳವರು ಬಾವಿ ಬತ್ತಿತೆಂದು ಆಳ ಆಳಕ್ಕೆ ತೋಡಿಸುವ ಮೊದಲು ಮೇಲೆ ಹೇಳಿದ ನಾಲ್ವತ್ತರ ಲೆಕ್ಕವನ್ನು ನೆನೆಯಬೇಕು. ಅಂಥ ನೆಲದಲ್ಲಿ ಆಳವಾದ ಬಾವಿಗಿಂತ ಅಗಲವಾದ, ತೆಳುವಾದ ಬಾವಿಯೇ ಲೇಸು. ಪಂಪನ್ನು ಒಂದೇ ಸಮನೆ ಓಡಿಸದೆ, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ಬಿಡುವು ಕೊಟ್ಟು ನೀರೆತ್ತಬೇಕು. ಅದರಲ್ಲಿಯೂ ಮಾರ್ಚಿಯಿಂದ ಮೇ ವರೆಗೆ. ಮಾಡಿನ ಮಳೆನೀರನ್ನು ಚರಂಡಿಗೆ ಬಿಡುವ ಬದಲು, ಮರಳು ಜಲ್ಲಿಗಳ ಮೇಲೆ ಹಾಯಿಸಿ ಶುದ್ಧವಾದುದನ್ನು ಬಾವಿಯ ಬಳಿ ಇಂಗಿಸಬೇಕು. ಊರಿನ ಕೆರೆಯ ಹೂಳೆತ್ತುವುದು ಅಳಿವೆಯ ಕೆಲಸವೂ ಹೌದೆಂದು ತಿಳಿಯಬೇಕು. ಮಲೆನಾಡಿನ ತೋಟಿಗರು ತಮ್ಮ ಸೊಪ್ಪಿನ ಬೆಟ್ಟವನ್ನು ಬೋಳಿಸದೆ, ಅಬ್ಬಿಯ ತಲೆಯ ಮೇಲಿನ ಮರಗಳನ್ನಾದರೂ ಕೊಡಲಿಗೆ ಕೊಡದೆ ಉಳಿಸಿಕೊಂಡರೆ, ಅವರು ಎಂದೂ ಕಾಣದ ಕೆಳಗಿನ ಮೊಗೇರರ, ಹಾಲಕ್ಕಿಗಳ, ಅಂಬಿಗರ ಮನೆಗಳಿಗೆ ಉಪಕಾರ ಮಾಡಿದಂತಾಗುವುದು. ಮೇಲಿನವರ ಕಾಡು ಕೆಳಗಿನವರ ಅನ್ನ. ಇಬ್ಬರನ್ನೂ ಕಟ್ಟಿದ ದಾರವೇ ಹೊಳೆ.

ದೇಶಕ್ಕೆ ವಿದ್ಯುತ್ತು ಬೇಕು, ಬಯಲುಸೀಮೆಗೆ ನೀರು ಬೇಕು. ಇವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಒಂದು ಹೊಳೆಯ ನೀರನ್ನು ಹಂಚುವ ಪಂಕ್ತಿಯಲ್ಲಿ ಪೇಟೆಗೆ ಇಷ್ಟು, ಗದ್ದೆಗೆ ಇಷ್ಟು, ಯಂತ್ರಕ್ಕೆ ಇಷ್ಟು ಎಂದು ಎಲೆ ಹಾಕುವಾಗ ಅಳಿವೆಗೂ ಒಂದು ಎಲೆ ಹಾಕಬೇಕೆಂಬುದೇ ನಮ್ಮ ವಿಜ್ಞಾಪನೆ. ಆ ಎಲೆಗೆ ಬಡಿಸಿದ್ದು ಸಮುದ್ರದ ಹೊಟ್ಟೆಗೆ ಹೋಗುವ ವ್ಯರ್ಥಾನ್ನವಲ್ಲ. ಅದು ಕಗ್ಗದ ತೆನೆಯಾಗಿ, ಬಳಚಿನ ಬುಟ್ಟಿಯಾಗಿ, ಸಿಗಡಿಯ ಮರಿಯಾಗಿ, ನಮ್ಮ ಬಾವಿಯ ಸಿಹಿಯಾಗಿ ಮರಳಿ ಬರುತ್ತದೆ. ಮುಂದೆ ಹೊಳೆಯ ಬಾಯನ್ನು ನೋಡುವ ಅವಕಾಶ ಒದಗಿದಾಗ, ವಾಚಕರು ಈ ಮಾತನ್ನು ಒಮ್ಮೆ ಜ್ಞಾಪಿಸಿಕೊಂಡರೆ ನಮ್ಮ ಶ್ರಮವು ಸಾರ್ಥಕವೆಂದು ಭಾವಿಸುತ್ತೇವೆ.